ಪಕ್ಕದ ಸೀಟಿನ ಮುಂದಿನ ಮೀಟರು

ಆ ಕೆಂಪು ದೀಪ ಹೊತ್ತಿಕೊಂಡಾಗಲೆಲ್ಲ ತನಗೆ ಒಳಗೊಳಗೇ ಖುಷಿಯಾಗುತ್ತದೆ ಎಂಬುದನ್ನು ಯೋವಾನಾ ಯಾರಿಗೂ ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದುಕೊಂಡಿದ್ದಳು, ಅದೂ ಪೆನ್ಸಿಲ್ಲಿನಲ್ಲಿ, ಬೇಡವೆನಿಸಿದರೆ ಅಳಿಸಬಹುದೆಂದು. ಅದರ ಕೆಳಗೆ, 'ಒಳ್ಳೆಯವರಿಗೆ ಹೀಗೆ ಆಗುವುದಿಲ್ಲವೇನೋ' ಎಂದು ಇನ್ನೊಂದು ಸಾಲು ಸೇರಿಸಿದ್ದಳು. ಎರಡನ್ನೂ ಅಳಿಸಿರಲಿಲ್ಲ.

ದೀಪ ಇದ್ದದ್ದು ಭಾವ ರೆಂಬೆರ್ಟೊನ ಕಾರಿನಲ್ಲಿ, ಆದರೆ ಭಾವನ ಎದುರಿಗಲ್ಲ, ಅವಳ ಎದುರಿಗೆ. ಎಲ್ ಆಲ್ಟೊದ ಬೀದಿಗಳಲ್ಲಿ ಇಂಥ ಕಾರುಗಳಿಗೆ ಲೆಕ್ಕವಿಲ್ಲ. ಜಪಾನಿನಲ್ಲಿ ಹದಿನೈದು ವರ್ಷ ದುಡಿದು, ಮುದಿಯಾಗಿ, ಹಡಗು ಹತ್ತಿ ಬೊಲಿವಿಯಾಕ್ಕೆ ಬಂದವು. ಬರುವಾಗ ಸ್ಟೀರಿಂಗು ಬಲಕ್ಕಿರುತ್ತದೆ. ಇಲ್ಲಿನ ರಸ್ತೆಗೆ ಎಡಕ್ಕಿರಬೇಕು. ಗ್ಯಾರೇಜಿನವರು ಸ್ಟೀರಿಂಗನ್ನೂ ಪೆಡಲುಗಳನ್ನೂ ಕಿತ್ತು ಎಡಕ್ಕೆ ಕೂರಿಸುತ್ತಾರೆ. ಮೀಟರುಗಳನ್ನೂ ಸಾಗಿಸುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ವೇಗದ ಮುಳ್ಳು, ಬಿಸಿಯ ಮುಳ್ಳು, ಎಚ್ಚರಿಕೆಯ ದೀಪಗಳ ಸಾಲು ಎಲ್ಲವೂ ಬಲಗಡೆಯೇ, ಗಾಡಿ ಓಡಿಸದವರ ಮೊಣಕಾಲಿನ ಮುಂದೆ ಉಳಿದುಬಿಡುತ್ತವೆ. ಓಡಿಸುವವನು ಪಕ್ಕದಲ್ಲಿ ಕೂತವರನ್ನು ಕೇಳಿ ತಿಳಿಯಬೇಕು, ಇಲ್ಲವೇ ಕತ್ತು ಚಾಚಿ ನೋಡಬೇಕು. ರೆಂಬೆರ್ಟೊನದು ದಪ್ಪ ಕತ್ತು.

ಆ ಪಕ್ಕದ ಸೀಟು ಯೋವಾನಾಳ ಪಾಲಿಗೆ ಬಂದಿತ್ತು. ಗ್ರಂಥಾಲಯ ವಿಜ್ಞಾನದಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷವಾಗಿತ್ತು. ಅವಳಿಗಾಗಿ ಯಾವ ಗ್ರಂಥಾಲಯವೂ ಕಾದು ಕೂತಿರಲಿಲ್ಲ. ಅಮ್ಮ ಕಾಸಿಲ್ಡಾಳ ಜೊತೆ ಅಕ್ಕ ಮಾರ್ಲೆನಿಯ ಮನೆಯಲ್ಲಿದ್ದಳು. ವಾರಕ್ಕೆರಡು ದಿನ ಭಾವನ ಪರದೆ ಬಟ್ಟೆಯ ಥಾನುಗಳನ್ನು ಸಂತೆಯಲ್ಲಿ ಇಳಿಸಿ, ಬಿಡಿಸಿ, ಮತ್ತೆ ಸುತ್ತಿಡಲು ಹೋಗುತ್ತಿದ್ದಳು. ದಾರಿಯುದ್ದಕ್ಕೂ ಭಾವ ಕೇಳುತ್ತಿದ್ದ, ಎಷ್ಟು ಸ್ಪೀಡು, ಎಷ್ಟು ಬಿಸಿ, ಬೇರೇನಾದರೂ ಉಂಟೇ ಎಂದು. ಇವಳು ಹೇಳುತ್ತಿದ್ದಳು. ಅಷ್ಟೇ ಅವರಿಬ್ಬರ ನಡುವಿನ ಮಾತುಕತೆ. ಅಷ್ಟಾದರೂ ಯಾಕೆ ಬೇಕಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಕಾರು ಕೊಂಡ ದಿನದಿಂದ ರೆಂಬೆರ್ಟೊ ಬಟ್ಟೆಯ ಮಾತು ಬಿಟ್ಟು ಎಂಜಿನ್ನಿನ ಮಾತು ಹಿಡಿದಿದ್ದ. ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಹೆಣ್ಣು ನೋಡಲು ಬಂದ ಸೋದರಮಾವನ ಹಾಗೆ ತಲೆ ಓರೆ ಮಾಡಿ ನಿಲ್ಲುತ್ತಿದ್ದ. ಕೈ ಮಾತ್ರ ಒಳಗೆ ಇಡುತ್ತಿರಲಿಲ್ಲ, ಅಂಗಿ ಕೊಳೆಯಾಗುತ್ತದಲ್ಲ. ಆದರೂ ಪ್ರತಿಯೊಂದು ರೋಗಕ್ಕೂ ಅವನ ಬಳಿ ಒಂದು ಹೆಸರಿತ್ತು. ಹಿಂದಿನ ಚಕ್ರ ಕಿರ್ರ್ ಎಂದಾಗ ಚಳಿಗೆ ಹಾಗಾಗುತ್ತದೆ ಎಂದ. ಕಿರ್ರ್ ಹೋಗಿ ಗರಗರ ಎಂದು ಅರೆಯುವ ಸದ್ದು ಶುರುವಾದಾಗ, ನೋಡಿ, ಈಗ ಹೊಂದಿಕೊಳ್ಳುತ್ತಿದೆ ಎಂದ. ಸೈಲೆನ್ಸರ್ ಕೆಮ್ಮಿದರೆ ಅದು ಪೆಟ್ರೋಲಿನ ದೋಷ. ಕಾರಿನ ಕೆಳಗೆ ಬೆಳಿಗ್ಗೆ ಒದ್ದೆ ಕಂಡರೆ ಅದು ನಾಯಿಯದು. ಆ ಬೀದಿಯ ನಾಯಿಗಳ ಬಗ್ಗೆ ಅವನಿಗಿದ್ದ ಅಭಿಪ್ರಾಯ ಕೇಳಿದರೆ ನಾಯಿಗಳೇ ಊರು ಬಿಟ್ಟು ಹೋಗಬೇಕು.

ಮೂರು ವಾರದ ಹಿಂದೆ ಒಂದು ತಿರುವಿನಲ್ಲಿ ಮೊದಲ ಸಲ ಆ ದೀಪ ಮಿಣುಕಿತು. ವೃತ್ತದೊಳಗೊಂದು ಆಶ್ಚರ್ಯಚಿಹ್ನೆ, ಕೆಂಪು. ಯೋವಾನಾ ಮೆಲ್ಲಗೆ ಹೇಳಿದಳು. ಅವನು ಕತ್ತು ಚಾಚುವಷ್ಟರಲ್ಲಿ ತಿರುವು ಮುಗಿದು ದೀಪ ಆರಿತ್ತು. ಆ ಭಾನುವಾರದ ಊಟಕ್ಕೆ ಅವನ ಇಬ್ಬರು ಅಣ್ಣಂದಿರು ಬಂದಿದ್ದರು. ತಟ್ಟೆಯಲ್ಲಿ ಹಂದಿಯ ಮಾಂಸ, ಬೇಯಿಸಿದ ಚುನ್ಯೊ ಆಲೂಗಡ್ಡೆ. ಬಾಯಿ ತುಂಬಿಕೊಂಡೇ ರೆಂಬೆರ್ಟೊ ಶುರುಮಾಡಿದ.

"ನಮ್ಮ ಡಿಗ್ರಿಯಮ್ಮನಿಗೆ ಕಾರಿನ ದೀಪ ಕಣ್ಣು ಹೊಡೀತಂತೆ ಕಣ್ರೋ. ಇಪ್ಪತ್ತಾರು ವರ್ಷ ಆಯ್ತು, ಒಂದು ದೀಪಾನಾದ್ರೂ ಹೊಡೀತಲ್ಲ ಬಿಡಿ."

ಅಣ್ಣಂದಿರು ನಕ್ಕರು. ಅಕ್ಕ ಮಗುವಿನ ಬಾಯಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದಳು. ಅವಳ ಭುಜವೂ ಅಲುಗುತ್ತಿತ್ತು. ಅಮ್ಮ ಅರ್ಥವಾಗದಿದ್ದರೂ ಎಲ್ಲರ ಜೊತೆ ನಕ್ಕಳು. ಯೋವಾನಾ ತನ್ನ ತಟ್ಟೆಯ ಆಲೂಗಡ್ಡೆಯನ್ನು ನಾಲ್ಕು ಮಾಡಿದಳು, ಎಂಟು ಮಾಡಿದಳು, ತಿನ್ನಲಿಲ್ಲ.

ಅಂದಿನಿಂದ, ಬೇರೇನಾದರೂ ಉಂಟೇ ಎಂದು ಅವನು ಕೇಳಿದರೆ ಅವಳ ಉತ್ತರ ಒಂದೇ. ಏನಿಲ್ಲ ಭಾವ.

ದೀಪ ಮಾತ್ರ ಬರುತ್ತಲೇ ಇತ್ತು. ಮೊದಲು ತಿರುವುಗಳಲ್ಲಿ, ಆಮೇಲೆ ಇಳಿಜಾರಿನಲ್ಲಿ. ಫೋನಿನಲ್ಲಿ ಹುಡುಕಿ ಆ ಚಿಹ್ನೆಯ ಅರ್ಥ ತಿಳಿದುಕೊಂಡಳು: ಕೈಬ್ರೇಕು ಎಳೆದಿರಬೇಕು, ಇಲ್ಲವೇ ಬ್ರೇಕಿನ ಎಣ್ಣೆ ಕಡಿಮೆಯಾಗಿರಬೇಕು. ಡಬ್ಬಿಯಲ್ಲಿ ಎಣ್ಣೆ ತಳ ಸೇರುತ್ತಿದ್ದರೆ, ಗಾಡಿ ವಾಲಿದಾಗ ಮೊದಲು ಮಿಣುಕುತ್ತದಂತೆ. ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ನಿಂತ ಕಾರಿನ ಕೆಳಗೆ ಹಾಸಿಡತೊಡಗಿದಳು. ಬೆಳಿಗ್ಗೆ ಹಲ್ಲುಜ್ಜುತ್ತ ಹೋಗಿ ಅದನ್ನು ಎಳೆದು ನೋಡುವುದು. ಎಂಜಿನ್ನಿನ ಕೆಳಗೆ ಕಪ್ಪು ಕಲೆ, ಎಂಜಿನ್ ಎಣ್ಣೆ. ಅದು ಹಳೆಯ ಕಾರಿಗೆಲ್ಲ ಇರುವುದೇ. ಮುಂದುಗಡೆ ಹಸಿರು ಹನಿ, ರೇಡಿಯೇಟರಿನದು. ಹಿಂದಿನ ಎಡಚಕ್ರದ ಒಳಬದಿಗೆ ಮಾತ್ರ ತಿಳಿಹಳದಿಯ ಒಂದು ಕಲೆ; ಮುಟ್ಟಿದರೆ ಜಾರುತ್ತದೆ, ಬಿಸಿಲಿಗೆ ಇಟ್ಟರೂ ಒಣಗುವುದಿಲ್ಲ. ಮೊದಲು ನಾಣ್ಯದಷ್ಟು, ಆಮೇಲೆ ತಟ್ಟೆಯಷ್ಟು.

ಇದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಳು. ತಾರೀಖು, ಸದ್ದು, ಕಲೆ, ದೀಪ, ಕೊನೆಯ ಅಂಕಣಕ್ಕೆ 'ಭಾವ ಹೇಳಿದ್ದು'. ಚಳಿ. ನಾಯಿ. ಪೆಟ್ರೋಲು. ಹೊಂದಿಕೊಳ್ಳುತ್ತಿದೆ. ಆ ಅಂಕಣವನ್ನು ಮೇಲಿನಿಂದ ಕೆಳಗೆ ಓದುವಾಗ ಒಬ್ಬಳೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂದು ದಿನ ಈ ಕಾರು ಸಂತೆಯ ನಟ್ಟನಡುವೆ ಕೆಟ್ಟು ನಿಲ್ಲುತ್ತದೆ, ನಿಜವಾದ ಮೆಕ್ಯಾನಿಕ್ ಬಂದು ಎಲ್ಲರೆದುರಿಗೆ ಇವನ ಮುಖ ನೋಡಿ 'ಏನ್ ಸಾರ್, ಇಷ್ಟು ದಿನ ಗೊತ್ತಾಗ್ಲಿಲ್ವಾ' ಎಂದು ಕೇಳುತ್ತಾನೆ. ಅವಳು ಕಾಯುತ್ತಿದ್ದದ್ದು ಆ ಒಂದು ಗಳಿಗೆಗೆ. ಬ್ರೇಕು ಕೆಡುವುದೆಂದರೆ ಗಾಡಿ ನಿಲ್ಲುವುದಲ್ಲ, ನಿಲ್ಲದಿರುವುದು ಎಂಬುದು ಅಷ್ಟು ಓದಿದವಳಿಗೆ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಎಲ್ಲರೂ ಕೋಪಕಬಾನಾಕ್ಕೆ ಹೊರಟರು, ಕಾರಿಗೆ ಆಶೀರ್ವಾದ ಮಾಡಿಸಲು. ಗಾಡಿ ಕೊಂಡವರೆಲ್ಲ ಅಲ್ಲಿ ಸರೋವರದ ದಡದಲ್ಲಿರುವ ಇಗರ್ಜಿಗೆ ಹೋಗಿ ಮಾತೆಯ ಎದುರು ನಿಲ್ಲಿಸಿ ಬರುವುದುಂಟು. ಅಮ್ಮ ತಿಂಗಳಿಂದ ಹೇಳುತ್ತಿದ್ದಳು. ಸದ್ದು, ಸೋರಿಕೆ ಎಲ್ಲ ಆಶೀರ್ವಾದವಾಗದ ಗಾಡಿಯ ಲಕ್ಷಣ, ಒಮ್ಮೆ ಮಾಡಿಸಿದರೆ ಸರಿಹೋಗುತ್ತದೆ ಎಂದು ಈಗ ರೆಂಬೆರ್ಟೊನೂ ತೀರ್ಪು ಕೊಟ್ಟಿದ್ದ. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ಕು ಮಾತಾಡುತ್ತಾನೆ, ಇವನು ಕೇಳಬೇಕಾಗುತ್ತದೆ. ಮಾತೆ ಮಾತಾಡುವುದಿಲ್ಲ.

ದಾರಿಯಲ್ಲಿ ತಿಕಿನಾ ಎಂಬಲ್ಲಿ ಕಾರನ್ನು ಹಲಗೆಯ ದೋಣಿಗೆ ಹತ್ತಿಸಿ ಸರೋವರದ ಜಲಸಂಧಿ ದಾಟಿಸಿದರು, ಮನುಷ್ಯರು ಬೇರೆ ದೋಣಿಯಲ್ಲಿ ದಾಟಿದರು. ಆಚೆ ದಡದಿಂದ ರಸ್ತೆ ಸುತ್ತಿ ಸುತ್ತಿ ಬೆಟ್ಟ ಹತ್ತುತ್ತದೆ, ಆಮೇಲೆ ಅಷ್ಟೇ ಸುತ್ತಿ ಕೋಪಕಬಾನಾಕ್ಕೆ ಇಳಿಯುತ್ತದೆ. ಇಳಿಯುವಾಗ ದೀಪ ಬಂತು, ಈ ಸಲ ಆರಲಿಲ್ಲ. ಒಂದು ತಿರುವಿನಲ್ಲಿ ರೆಂಬೆರ್ಟೊ ಬ್ರೇಕು ಒತ್ತಿದ. ಪೆಡಲು ನೆಲಕ್ಕೆ ಬಡಿದ ಸದ್ದು ಕೇಳಿತು. ಕಾರು ನಿಧಾನವಾಗಲಿಲ್ಲ. ಮತ್ತೆ ಒತ್ತಿದ, ಮತ್ತೆ. ಮೂರನೆಯದಕ್ಕೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಅಕ್ಕನ ಎಂಟು ತಿಂಗಳ ಮಗು ಮುಂದಕ್ಕೆ ಜಾರಿ ಅಳತೊಡಗಿತು. ಇಷ್ಟು ಎತ್ತರದಲ್ಲಿ ಗಾಳಿ ತೆಳುವಲ್ಲವೇ, ಬ್ರೇಕಿಗೂ ಉಸಿರು ಸಾಲುವುದಿಲ್ಲ ಎಂದು ಅವನು ವಿವರಿಸಿದ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಅಲ್ಲಿಯೇ ದಿನಾ ಕಾರು ಓಡಿಸುವವನು, ಇದನ್ನು ನಾಚಿಕೆಯಿಲ್ಲದೆ ಹೇಳಿದ. ಅಮ್ಮ ಹೌದೌದು ಎಂದಳು. ಆಮೇಲೆ ಅವನು, ಮುಂದೆ ನೋಡುತ್ತಲೇ, ಬೇರೇನಾದರೂ ಉಂಟೇ ಎಂದು ಯೋವಾನಾಳನ್ನು ಕೇಳಿದ.

ಏನಿಲ್ಲ ಎಂದಳು. ಅವಳ ಮೊಣಕಾಲಿನ ಮೇಲೆ ಕೆಂಪು ಬೆಳಕು ಬಿದ್ದಿತ್ತು. ಈ ಬಾರಿ ಖುಷಿಯಾಗಲಿಲ್ಲ.

ಇಗರ್ಜಿಯ ಮುಂದೆ ಮೂವತ್ತು ಗಾಡಿಗಳ ಸಾಲು. ಬಾನೆಟ್ಟಿನ ಮೇಲೆ ಗ್ಲಾಡಿಯೊಲಸ್ ಹೂವು, ಕನ್ನಡಿಗೆ ಕಾಗದದ ಮಾಲೆ, ನೆತ್ತಿಯ ಮೇಲೊಂದು ಟೋಪಿ. ಪಾದ್ರಿ ಬಕೆಟ್ಟು ಹಿಡಿದು ಒಂದೊಂದಕ್ಕೂ ತೀರ್ಥ ಎರಚುತ್ತ ಬಂದರು. ಅವರು ಮುಂದೆ ಸಾಗಿದ್ದೇ ತಡ, ಜನ ಬಿಯರ್ ಬಾಟಲಿಗಳನ್ನು ಕುಲುಕಿ ನಾಲ್ಕೂ ಚಕ್ರಗಳಿಗೆ, ಎಂಜಿನ್ನಿಗೆ, ಬಾಗಿಲಿಗೆ ನೊರೆ ಉಕ್ಕಿಸಿದರು. ಪ್ರತಿ ಗಾಡಿಯ ಕೆಳಗೂ ಒಂದು ಕೊಳ. ಸೋರುವ ಕಾರಿಗೆ ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಡೀ ದೇಶದಲ್ಲಿ ಸಿಗಲಾರದು.

ಹೂವು ಎತ್ತಿಕೊಳ್ಳುವವಳ ಹಾಗೆ ಯೋವಾನಾ ಹಿಂದಿನ ಎಡಚಕ್ರದ ಬಳಿ ಕುಕ್ಕರಿಸಿ ಕೂತಳು. ಚಕ್ರದ ಒಳಮೈ ಮೇಲಿನಿಂದ ಕೆಳಗಿನವರೆಗೆ ಒದ್ದೆ. ಬೆರಳಿಟ್ಟಳು. ಬಿಯರಾಗಿದ್ದರೆ ಅಂಟಬೇಕು, ಇದು ಜಾರಿತು. ರಟ್ಟಿನ ಮೇಲೆ ತಟ್ಟೆಯಷ್ಟಿದ್ದದ್ದು ಇಲ್ಲಿ ಧಾರೆಯಾಗಿ ಇಳಿಯುತ್ತಿತ್ತು. ಮೂರು ಸಲ ಒತ್ತಿದ್ದರಲ್ಲಿ ಉಳಿದದ್ದೂ ಹೊರಬಿದ್ದಿರಬೇಕು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ರೆಂಬೆರ್ಟೊ ಬಾಟಲಿಯ ತಳದಲ್ಲಿದ್ದದ್ದನ್ನು ಅದೇ ಚಕ್ರದ ಮೇಲೆ ಸುರಿದ.

"ಇದಕ್ಕೂ ಒಂದು ಗುಟುಕು, ಪಾಪ. ನಾಲ್ಕರಲ್ಲಿ ಇದೇ ಜಾಸ್ತಿ ಅಳೋದು."

ಸುತ್ತಲಿನವರು ನಕ್ಕರು. ಪಕ್ಕದ ಗಾಡಿಯವನು ತನ್ನ ಬಾಟಲಿಯನ್ನೂ ಎತ್ತಿ ಅವನಿಗೆ ಶುಭ ಕೋರಿದ. ಯೋವಾನಾ ಬಾಯಿ ಮುಚ್ಚಿದಳು. ಎಷ್ಟು ಸುಲಭವಾಗಿ ಮುಚ್ಚಿತೆಂದರೆ, ಅದಕ್ಕೇ ಹುಟ್ಟಿದ ಬಾಯಿಯ ಹಾಗೆ. ಈ ಮೂರ್ಖನಿಗೆ ಹೇಳಿ ಏನು ಬಂತು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಹೆದರಿಕೊಳ್ಳುವುದಕ್ಕಿಂತ ಗೌರವದ್ದಾಗಿ ಕಾಣುತ್ತಿತ್ತು.

ದಡದ ಅಂಗಡಿಯಲ್ಲಿ ಮೀನು ತಿಂದರು. ಅಮ್ಮ ಸಿಹಿ ಜೋಳದ ಅರಳನ್ನು ದೊಡ್ಡ ಚೀಲದಲ್ಲಿ ಕಟ್ಟಿಸಿಕೊಂಡಳು. ಯೋವಾನಾ ಒಂದು ಮುಳ್ಳನ್ನು ತಟ್ಟೆಯಂಚಿಗೆ ತಳ್ಳುತ್ತ ಹಿಂದಿರುಗುವ ದಾರಿಯನ್ನು ಲೆಕ್ಕಹಾಕುತ್ತಿದ್ದಳು. ಹತ್ತುವಾಗ ಬ್ರೇಕು ಬೇಡ. ನೆತ್ತಿ ದಾಟಿದ ಮೇಲೆ ಏಳೋ ಎಂಟೋ ತಿರುವು, ಎಲ್ಲವೂ ಇಳಿಜಾರು. ಕೊನೆಯ ತಿರುವಿನ ನಂತರ ರಸ್ತೆ ನೇರ ದೋಣಿಗಟ್ಟೆಗೆ ಹೋಗಿ ಮುಗಿಯುತ್ತದೆ. ಅದರಾಚೆ ಹಲಗೆ, ಅದರಾಚೆ ನೀರು. ತಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದುಬಿಟ್ಟರೆ? ತಲೆನೋವು ಎಂದರೆ ನಂಬುತ್ತಾರೆ. ಆ ಯೋಚನೆ ಎಷ್ಟು ಹೊತ್ತು ನಿಂತಿತು ಎಂದರೆ, ಮೀನು ತಣ್ಣಗಾಗುವಷ್ಟು.

ಹೊರಡುವ ಹೊತ್ತಿಗೆ ರೆಂಬೆರ್ಟೊ ತುಂಬ ಹುರುಪಿನಲ್ಲಿದ್ದ. ಇವತ್ತು ಅತ್ತೆ ಮುಂದೆ ಕೂರಬೇಕು, ಸರೋವರ ಕಣ್ತುಂಬ ಕಾಣುತ್ತದೆ, ಡಿಗ್ರಿಯಮ್ಮ ಹಿಂದೆ ಹೋಗಲಿ ಎಂದ. ಅಮ್ಮ ಒಂದರ ಮೇಲೊಂದು ಉಟ್ಟಿದ್ದ ಲಂಗಗಳನ್ನೆಲ್ಲ ಒಟ್ಟುಮಾಡಿಕೊಂಡು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗಡೆಯ ಸೀಟಿನಲ್ಲಿ ಕೂತಳು. ಅಕ್ಕ ಮಗುವನ್ನು ಎತ್ತಿಕೊಂಡು ಹಿಂದೆ ಹತ್ತಿದಳು. ಯೋವಾನಾ ಹಿಂದಿನ ಬಾಗಿಲು ಹಿಡಿದು ನಿಂತಿದ್ದಳು. ಅವನು ಕೀಲಿ ತಿರುಗಿಸಿದ.

ಅಮ್ಮ ಮುಂದಕ್ಕೆ ಬಾಗಿ ನೋಡಿದಳು.

"ಅಳಿಯಂದಿರೇ, ಇಲ್ಲೇನೋ ಕೆಂಪಗೆ ಉರೀತಿದೆಯಲ್ಲ. ಇದು ಹಿಂಗೇ ಇರುತ್ತಾ?"

ಅವನು ಈ ಸಲ ಕತ್ತು ಚಾಚಿದ. ದೀಪ ಕಂಡಿತು. ಅವನ ಮುಖದಲ್ಲಿ ನಗೆ ಒಂದು ಕ್ಷಣ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿತು. ಯೋವಾನಾ ಅದನ್ನು ನೋಡಿದಳು. ಇಷ್ಟು ದಿನ ಕಾದಿದ್ದ ಮುಖ ಇದೇ ಆಗಿತ್ತು, ಆದರೆ ಅದು ಅವಳು ಅಂದುಕೊಂಡ ಹಾಗಿರಲಿಲ್ಲ. ಸ್ವಲ್ಪ ಮಗುವಿನ ಹಾಗೆ ಇತ್ತು. ಆಮೇಲೆ ಅವನು ಕತ್ತು ಹಿಂದಕ್ಕೆ ತೆಗೆದುಕೊಂಡು ನಿರಾಳವಾಗಿ ಉಸಿರುಬಿಟ್ಟ.

"ಏನೂ ಇಲ್ಲ ಬಿಡಿ ಅತ್ತೆ, ಈಗ ಹಾಕಿದ ಬಿಯರು ಒಳಗೆ ಹೋಗಿರುತ್ತೆ. ಏನಾದ್ರೂ ಇದ್ದಿದ್ರೆ ಯೋವಾನಾ ಹೇಳ್ತಿರಲಿಲ್ವಾ? ಬರೋವಾಗಲೂ ಕೇಳ್ದೆ. ದಿನಾ ಅದರ ಮುಂದೇನೇ ಕೂರೋಳು. ನಾನು ಎಷ್ಟೇ ರೇಗಿಸಲಿ, ಓದಿದ ಹುಡುಗಿ ಅತ್ತೆ ಅವಳು. ಅವಳು ಇಲ್ಲ ಅಂದ್ರೆ ಇಲ್ಲ."

ಹಾಗಾದರೆ ಸರಿ ಎಂದು ಅಮ್ಮ ಹಿಂದಕ್ಕೆ ಒರಗಿದಳು. ಅರಳಿನ ಚೀಲದ ಬಾಯಿ ಬಿಚ್ಚತೊಡಗಿದಳು. ಅಕ್ಕ ಒಳಗಿನಿಂದ, ಹತ್ತೇ ಬೇಗ, ಗಾಳಿ ಬರುತ್ತೆ ಎಂದಳು.

ಯೋವಾನಾ ಹತ್ತಲಿಲ್ಲ. ಹಿಂದಿನ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಬಂದು ಅದನ್ನು ಪೂರ್ತಿ ತೆರೆದಳು. ಅಮ್ಮನ ಮೊಣಕೈ ಹಿಡಿದಳು. ಅಮ್ಮ ಬೆರಗಾಗಿ ನೋಡಿದಳು. ಈ ಮಗಳು ಯಾರನ್ನೂ ಹೀಗೆ ಹಿಡಿದವಳಲ್ಲ. ಯೋವಾನಾಳ ಮಾತು ತೀರ ಜೋರಾಗಿ ಬಂತು, ಪಕ್ಕದ ಗಾಡಿಯವರು ತಿರುಗಿ ನೋಡುವಷ್ಟು.

"ಇಂಜಿನ್ ಆಫ್ ಮಾಡಿ ಭಾವ. ಬ್ರೇಕಿನ ಎಣ್ಣೆ ಪೂರ್ತಿ ಸೋರಿ ಹೋಗಿದೆ. ಆ ದೀಪ ಮೂರು ವಾರದಿಂದ ಬರ್ತಾನೇ ಇದೆ, ನೀವು ಕೇಳಿದಾಗಲೆಲ್ಲ ಇಲ್ಲ ಅಂತ ಸುಳ್ಳು ಹೇಳಿದ್ದು ನಾನು. ನಿಮ್ಮನ್ನ ನೋಡಿ ನಗೋಣ ಅಂತ ಸುಮ್ಮನಿದ್ದೆ."