ಎಡೆಗೆ ಸಿಗದ ಚೈತ್ರಿ

ನನ್ನ ಸವತಿ, ಸತ್ತ ಮೇಲೆ ನನಗೆ ಸವತಿಯಾದವಳು. ಬದುಕಿದ್ದಾಗ ಅವಳ ಮುಖವನ್ನೂ ನಾನು ಕಂಡವಳಲ್ಲ. ಆದರೂ ಅವಳ ಮೇಲೆ ನನಗೆ ಸಿಟ್ಟಿತ್ತು. ಸತ್ತವಳ ಮೇಲೆ ಎಂಥಾ ಸಿಟ್ಟೇ ತಾಯಿ ಅಂತ ಕೇಳುವವರು ಒಂದು ವರ್ಷ ನನ್ನ ಜಾಗದಲ್ಲಿದ್ದು ನೋಡಲಿ. ಎರಡನೇ ಸಂಬಂಧಕ್ಕೆ ಬಂದವಳು ತಾಳಿಯ ಪಕ್ಕದಲ್ಲೇ ಮೊದಲನೆಯವಳ ಹೆಸರಿನ ಪುಟ್ಟ ಪದಕವನ್ನೂ ಕಟ್ಟಿಕೊಳ್ಳಬೇಕು, ನಮ್ಮ ಕಡೆ ಹಾಗೆ. ಬಗ್ಗಿ ಕಸ ಗುಡಿಸುವಾಗ ಎರಡೂ ತಾಗಿ ಸದ್ದು ಮಾಡುತ್ತವೆ.

ಅವಳ ಹೆಸರು ಯಶೋಧರಾ. ಪಾಂಡವಪುರದ ಪಕ್ಕದ ನಮ್ಮೂರಿನಲ್ಲೇ ಅಂಗನವಾಡಿ ಟೀಚರಾಗಿದ್ದಳು. ಕಾಮಾಲೆ ಬಂದು ತೀರಿಕೊಂಡಾಗ ಅವಳ ಮಗಳು ಚಿನ್ನುವಿಗೆ ಇನ್ನೂ ಎರಡು ವರ್ಷ ತುಂಬಿತ್ತಷ್ಟೆ. ವರ್ಷ ಕಳೆಯುವುದರೊಳಗೆ ನನ್ನನ್ನು ತಂದರು. ಚಿನ್ನು ನನ್ನನ್ನು ಚಿಕ್ಕವ್ವ ಎಂದಳು. ಊಟ ನಾನೇ ಹಾಕಬೇಕು, ಜಡೆ ನಾನೇ ಹೆಣೆಯಬೇಕು, ಜ್ವರ ಬಂದರೆ ಪಕ್ಕದಲ್ಲಿ ನಾನೇ ಕೂರಬೇಕು. ಕರೆಯುವುದು ಮಾತ್ರ ಚಿಕ್ಕವ್ವ. ಅತ್ತೆ ಮಂಚಮ್ಮ, "ಕರೀಲಿ ಬುಡು, ಅದ್ರಾಗೇನು" ಅನ್ನುತ್ತಿದ್ದರು.

ಅದರಲ್ಲಿ ಏನು ಅಂತ ನನಗೆ ಗೊತ್ತಾದದ್ದು ಮೊದಲ ಯುಗಾದಿಯಲ್ಲಿ.

ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಯುಗಾದಿಗೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೆಲ್ಲ ಬಾಳೆ ಎಲೆಯ ಪಕ್ಕದಲ್ಲಿರಬೇಕು. ಮಾವನವರಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅವಳಿಗೆ ಹೊಸ ಸೀರೆ, ಹಸಿರು ಬಳೆ, 'ಚೈತ್ರಿ' ಅನ್ನುವ ಸೆಂಟು. ಪೂಜೆ ಮುಗಿದ ಮೇಲೆ ಆ ಸೀರೆ ಉಟ್ಟು, ಬಳೆ ತೊಟ್ಟು, ಸೆಂಟು ಹಚ್ಚಿಕೊಳ್ಳಬೇಕಾದವಳು ನಾನು. ಅವಳೇ ಕೊಟ್ಟಳು ಅಂತ ಅರ್ಥ.

ಸೆಂಟೆಂದರೆ ಮೂಗಿಗೆ ಬಡಿಯುವಂಥದ್ದಲ್ಲ ಅದು. ಹೆಬ್ಬೆರಳುದ್ದದ ಸೀಸೆ, ತಿಳಿಹಸಿರು ನೀರು. ಹಚ್ಚಿಕೊಂಡವಳಿಗೇ ತಿಳಿಯುವುದಿಲ್ಲ, ಪಕ್ಕದಲ್ಲಿ ಹಾದುಹೋದವರಿಗೆ ಗೊತ್ತಾಗುತ್ತದೆ. ಹೊಂಗೆ ಹೂವು ಉದುರುವ ಕಾಲದಲ್ಲಿ ಬೆಳಗಿನ ಹೊತ್ತು ತೋಟದ ಬದುವಿನ ಮೇಲೆ ನಡೆದರೆ ಒಂದು ವಾಸನೆ ಬರುತ್ತದಲ್ಲ, ಹಾಗೆ. ಕಡುಕೋಪದಲ್ಲೇ ಕತ್ತಿಗೆ ಸವರಿಕೊಂಡು ಹೊರಗೆ ಬಂದೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಚಿನ್ನು ಓಡಿಬಂದು ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡಳು.

"ಅವ್ವಾ" ಅಂದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಡೆ ಸೀರೆ ಉಟ್ಕಂಡೋಳ್ ಮೈಮ್ಯಾಲೆ ಅವ್ಳು ಬತ್ತಾಳೆ ಕಣವ್ವ. ಮಗೀಗೆ ವಾಸ್ನೆ ಗುರ್ತು ಸಿಕ್ತು" ಅಂದರು. ಆ ದಿನವೆಲ್ಲ ಚಿನ್ನು ನನ್ನ ಮಡಿಲು ಬಿಟ್ಟು ಏಳಲಿಲ್ಲ. ಬೆಕ್ಕು ಮರಿ ಹಾಕಿದ್ದು, ಯಾರೋ ಜುಟ್ಟು ಎಳೆದದ್ದು, ವರ್ಷದ ಸುದ್ದಿಯನ್ನೆಲ್ಲ ಕಿವಿಯಲ್ಲಿ ಹೇಳಿದಳು. ಮಾರನೇ ದಿನ ವರ್ಸ್ತೊಡಕಿನ ಬಾಡೂಟ ಮುಗಿಸಿ ತಲೆಗೆ ನೀರು ಹಾಕಿಕೊಂಡು ಬಂದೆ. "ಚಿಕ್ಕವ್ವ, ನೀರ್ ಕೊಡು" ಅಂದಳು.

ಸಿಟ್ಟು ಬರಬೇಕಿತ್ತು, ಬಂತು. ಆದರೆ ಮುಂದಿನ ಯುಗಾದಿಗೆ ಇಡೀ ಮನೆಯಲ್ಲಿ ನನ್ನಷ್ಟು ಕಾದವರು ಇನ್ನೊಬ್ಬರಿಲ್ಲ. ವರ್ಷಕ್ಕೊಂದು ದಿನವಾದರೂ ಅವ್ವ ಅನ್ನಿಸಿಕೊಳ್ಳುತ್ತೇನಲ್ಲ ಅನ್ನುವ ಆಸೆ. ಉಳಿದ ದಿನವೂ ಒಂದಿಷ್ಟು ಹಚ್ಚಿಕೊಳ್ಳೋಣವೆಂದರೆ ಅತ್ತೆ ಬಿಡಬೇಕಲ್ಲ! ಎಡೆಗಿಟ್ಟ ಸೆಂಟು ಮನೆಯಲ್ಲಿ ಮಿಕ್ಕರೆ ಸತ್ತವಳು ದಿನಾ ಬಂದು ಹೋಗುತ್ತಾಳೆ, ಮನೆಗೆ ಒಳ್ಳೆಯದಲ್ಲ ಅಂತ, ಹಬ್ಬ ಕಳೆದ ಕೂಡಲೇ ತುಂಬಿದ ಸೀಸೆಯನ್ನು ಹಾಗೇ ನಾಲೆಗೆ ಎಸೆದು ಬರುತ್ತಿದ್ದರು. ಬರುವ ವರ್ಷ ಇನ್ನೊಂದು ತಂದರಾಯಿತು ಅನ್ನುವ ಧೈರ್ಯ.

ತೊಂಬತ್ತಾರರ ಯುಗಾದಿಗೆ ಇನ್ನೂ ಕೆಲವು ವಾರ ಇದ್ದಾಗ ಚಿನ್ನು ಸ್ಕೂಲಿನಿಂದ ಅಳುಮುಖ ಮಾಡಿಕೊಂಡು ಬಂದಳು. ಊಟ ಬೇಡ ಅಂದಳು. ಏನಾಯಿತೇ ಅಂತ ಬೆನ್ನು ಸವರಿ ಕೇಳಿದೆ.

"ನಿಂಗೇಳಾಕಿಲ್ಲ. ಅವ್ವ ಬತ್ತಾಳಲ್ಲ, ಅವ್ಳಿಗೇಳ್ತೀನಿ."

"ನಂಗೇಳಿದ್ರೆ ಏನಮ್ಮಿ?"

ತಲೆ ಅಲ್ಲಾಡಿಸಿದಳು. ಅವತ್ತಿನಿಂದ ಮಗು ಮಂಕಾಯಿತು. ಅನ್ನ ಕೆದಕುತ್ತಾ ಕೂರುವಳು, ನಿದ್ದೆಯಲ್ಲಿ ಬೆಚ್ಚುವಳು. ಮೇಷ್ಟ್ರನ್ನು ಕೇಳಿದೆ, ಜೊತೆಯ ಮಕ್ಕಳನ್ನು ಕೇಳಿದೆ, ಯಾರಿಗೂ ಏನೂ ತಿಳಿಯದು. ಅದನ್ನು ಹೇಳಿಸಬೇಕಾದರೆ ನನಗೆ ಆ ಹಾಳು ಸೆಂಟು ಬೇಕೇ ಬೇಕಿತ್ತು.

ಪಾಂಡವಪುರದಲ್ಲಿ ಫ್ಯಾನ್ಸಿ ಸ್ಟೋರಿನ ಮರಿಸ್ವಾಮಿಯವರ ಅಂಗಡಿಗೆ ಹೋದೆ. ವರ್ಷವೂ ಅಲ್ಲೇ ಕೊಳ್ಳುತ್ತಿದ್ದದ್ದು.

"ಚೈತ್ರೀನಾ? ಬರಾಕಿಲ್ಲ ಕಣಮ್ಮ. ಕಂಪ್ನಿಯೋರೇ ನಿಲ್ಲಿಸ್ಬುಟ್ಟವ್ರೆ."

"ಒಂದೂ ಇಲ್ವಾ? ಅಳೇದು, ಒಡ್ದೋಗಿರೋದು?"

"ಇದ್ರೆ ಕೊಡಾಕಿಲ್ವಾ? ಅದು ಬಾಳ ಅಗುರ ವಾಸ್ನೆ ಕಣಮ್ಮ, ಯಾರ್ ಕೇಳ್ತಿದ್ರು? ಈಗಿನೋರಿಗೆ ಬಸ್ ಅತ್ತಿದ್ರೆ ಇಡೀ ಬಸ್ಸು ತಿರುಗ್ ನೋಡ್ಬೇಕು. ನಿಮ್ಮನೆ ಒಂದ್ ಸೀಸೆಗೋಸ್ಕರ ಕಂಪ್ನಿ ನಡೆಸಾಕಾಯ್ತದಾ?"

ಅವರು ನಕ್ಕರು. ನನಗೆ ಆ ಗಾಜಿನ ಬೀರು ಒಡೆಯುವಷ್ಟು ಸಿಟ್ಟು ಬಂತು. ಶ್ರೀರಂಗಪಟ್ಟಣಕ್ಕೆ ಹೋದೆ, ಇಲ್ಲ. ಕೆ.ಆರ್. ಪೇಟೆಯಲ್ಲಿ ಹೆಸರನ್ನೇ ಕೇಳಿಲ್ಲವೆಂದರು. ಸಕ್ಕರೆ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ನಮ್ಮ ಯಜಮಾನರಿಗೆ, ಮೈಸೂರಿನಲ್ಲಾದರೂ ಹುಡುಕಿ ಅಂದೆ. ಹುಡುಕಿದರೋ ಇಲ್ಲವೋ, "ಸಿಗ್ನಿಲ್ಲ. ಎರಡು ಊದ್ಗಡ್ಡಿ ಜಾಸ್ತಿ ಅಚ್ಚು" ಅಂದು ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಹೆಂಡತಿಯ ವಾಸನೆಯನ್ನು ಇಷ್ಟು ಸಲೀಸಾಗಿ ಮರೆಯುವ ಗಂಡಸು ನಾಳೆ ನನ್ನನ್ನು ಎಷ್ಟು ದಿನ ನೆನೆಯುತ್ತಾನು? ಅವತ್ತು ಮೊದಲ ಸಲ ಯಶೋಧರಳ ಬಗ್ಗೆ ನನಗೆ ಅಯ್ಯೋ ಅನ್ನಿಸಿತು.

ಕೊನೆಗೆ ನಾಗಮಂಗಲದ ಒಂದು ಅಂಗಡಿಯಲ್ಲಿ ಬೀರುವಿನ ಮೇಲ್ಗಡೆ ಚೈತ್ರಿಯ ಡಬ್ಬಿ ಕಂಡು ಜೀವ ಬಂದಂತಾಯಿತು. ತೆಗೆಸಿದರೆ ಅಂದಕ್ಕೆ ಇಟ್ಟ ಖಾಲಿ ಡಬ್ಬಿ. ಮೂಸಿದೆ. ರಟ್ಟಿನ ವಾಸನೆ, ಧೂಳು. ಅಂಗಡಿಯವನು, "ಇದೂ ಊವಿನ್ ಸೆಂಟೇ, ಅದ್ರಪ್ಪನಂಗೈತೆ" ಅಂತ ಇನ್ನೊಂದು ಸೀಸೆ ಕೊಟ್ಟ. ಅದನ್ನೇ ಕೊಂಡು ತಂದೆ. ಬೇರೇನು ಮಾಡಲಿ?

"ಇಡು ಇಡು, ಸತ್ತೋಳ್ಗೆ ಏನ್ ಗೊತ್ತಾಯ್ತದೆ" ಅಂದರು ಅತ್ತೆ. ಇಷ್ಟು ವರ್ಷ ತುಂಬಿದ ಸೀಸೆಯನ್ನು ನಾಲೆಗೆ ಎಸೆದು ಬಂದವರು!

ಎಡೆ ಆಯಿತು. ಸೀರೆ ಉಟ್ಟೆ, ಬಳೆ ತೊಟ್ಟೆ. ಹೊಸ ಸೆಂಟನ್ನು ಒಂದೇ ಒಂದು ಹನಿ, ಅದಕ್ಕೂ ನೀರು ಬೆರೆಸಿ, ಕತ್ತಿಗೆ ಸವರಿಕೊಂಡೆ. ಪದಕವನ್ನು ಮುಟ್ಟಿ, "ಇವತ್ತೊಂದಿನ ಬಾರವ್ವ, ನಿನ್ ಮಗೀಗೋಸ್ಕರ ಬಾ" ಅಂದೆ. ಅವಳನ್ನು ನಾನೇ ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

ಚಿನ್ನು ಹೊಸ ಲಂಗ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಓಡಿಬಂದು ಹೊಟ್ಟೆಗೆ ಮುಖ ಒತ್ತಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು ಮುಖ ಎತ್ತಿದಳು. ಸೆರಗನ್ನು ಎಳೆದು ಮತ್ತೊಮ್ಮೆ ಮೂಸಿದಳು.

"ಚಿಕ್ಕವ್ವ, ಅವ್ವ ಬರ್ನಿಲ್ವಾ?"

ನಾನೇ ಕಣೇ, ನಿನ್ನ ಹೇನು ತೆಗೆದವಳು, ನಿನ್ನ ವಾಂತಿ ಬಳಿದವಳು ನಾನೇ ಕಣೇ ಅಂತ ಕಿರುಚಬೇಕೆನ್ನಿಸಿತು. ಅವಳ ಮುಖ ನೋಡಿ ಕೆದರಿದ ಕೂದಲನ್ನು ಹಿಂದಕ್ಕೆ ಸವರಿದೆ.

"ದಾರೀಲವ್ಳೇನೋ. ಬತ್ತಾಳೆ ಬುಡು."

ಒಬ್ಬಟ್ಟು ಹಾಕಿದರೆ ತಿನ್ನಲಿಲ್ಲ, ಅವ್ವನಿಗೆ ಅಂತ ಎತ್ತಿಟ್ಟಳು. ಹೊಸ್ತಿಲ ಮೇಲೆ ಕೂತು ಬೀದಿ ನೋಡತೊಡಗಿದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹೊತ್ತು ಮಧ್ಯಾಹ್ನ ದಾಟಿತು. ಬೀದಿಯಲ್ಲಿ ಹೊಸ ಬಟ್ಟೆ ಹಾಕಿದ ಮಕ್ಕಳು ಬೇವು ಬೆಲ್ಲ ಹಿಡಿದು ಓಡಾಡುತ್ತಿದ್ದರು. ಚಿನ್ನುವಿನ ಕಣ್ಣು ಎಳೆಯುತ್ತಾ ಬಂತು. ಮೆಲ್ಲಗೆ ನನ್ನ ತೊಡೆಗೆ ತಲೆ ಒರಗಿಸಿದಳು.

"ನಂಗ್ ನಿದ್ದೆ ಬತ್ತದೆ. ಅವ್ವ ಬಂದ್ರೆ ಎಬ್ಬರ್ಸು ಚಿಕ್ಕವ್ವ. ಮರೀಬ್ಯಾಡ, ನಾನು ಅವ್ಳಿಗೊಂದ್ ಮಾತೇಳ್ಬೇಕು."

"ಊಂ, ಎಬ್ಬರ್ಸ್ತೀನಿ. ಮನಿಕೊ."

ಎಡೆ ಸೀರೆಯ ಸೆರಗನ್ನು ಅವಳ ಮೈಮೇಲೆ ಎಳೆದು, ಬೀದಿ ನೋಡುತ್ತಾ ಕೂತೆ. ದೀಪ ಹಚ್ಚುವ ಹೊತ್ತಾಯಿತು. ಅತ್ತೆ ಒಳಗಿನಿಂದ ಕೂಗಿದರು. ನಾನು ಅವಳನ್ನು ಎಬ್ಬಿಸಲಿಲ್ಲ.