ನಾಲ್ಕನೇ ಮಹಡಿಯ ಗಾಳಿ

"ಮಂಚ ನೋಡಿದ್ದಾಯ್ತಮ್ಮಾ, ಅಡುಗೆ ಜಾಗ ತೋರ್ಸು," ಎಂದರು ಮೈಸೂರಿನಿಂದ ರತ್ನ.

ವಾರಿಜಾಕ್ಷಿ ಫೋನನ್ನು ಎಡಕ್ಕೆ ತಿರುಗಿಸಿದಳು. ಇಂಡಕ್ಷನ್ ಒಲೆ, ಸಿಂಕು, ಒರೆಸಿ ಹೊಳೆಯಿಸಿದ ಕಲ್ಲಿನ ಕಟ್ಟೆ. ಹೊರದೇಶದ ನಿಲಾಯ್ ಎಂಬ ಊರಿನ ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ಈ ಕೋಣೆ ಜುಲೈನಿಂದ ಖಾಲಿ. ಈಗ ಅಕ್ಟೋಬರ್. ಕೋವಿಡ್‌ಗೆ ಮುಚ್ಚಿದ ಗಡಿ ತೆರೆದರೆ ರತ್ನರ ಮಗಳು ಅಕ್ಷಯಾ ಮುಂದಿನ ತಿಂಗಳು ಓದಲು ಬರುವವಳು. ಎಲ್ಲಿರಬೇಕೆಂದು ಇವತ್ತು ತೀರ್ಮಾನವಾಗಬೇಕಿತ್ತು.

ಪಕ್ಕದಲ್ಲಿ ತ್ರಿವಿಕ್ರಮ ಮಾಸ್ಕನ್ನು ಗದ್ದಕ್ಕಿಳಿಸಿ ನಿಂತಿದ್ದ. ಕುಂದಾಪುರದ ಕಡೆಯ ಹುಡುಗ. ಓದಿನ ಜೊತೆಗೆ ಹಾಸ್ಟೆಲ್ ಆಫೀಸಿನ ಪರವಾಗಿ ಕೋಣೆ ತೋರಿಸುವ ಕೆಲಸ. ಕನ್ನಡದ ಮನೆಗಳಿಂದ ಫೋನ್ ಬಂದಾಗ ಅದೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ವಾರಿಜಾಕ್ಷಿಯನ್ನು ಕರೆಯುತ್ತಿದ್ದ. ತಾಯಂದಿರು ಹುಡುಗಿಯರ ಮಾತು ಬೇಗ ನಂಬುತ್ತಾರೆಂದು ಅವನಿಗೆ ಗೊತ್ತಿತ್ತು.

"ಇದು ಗ್ರೀನ್ ಬಿಲ್ಡಿಂಗ್ ಆಂಟಿ. ಮೇಲೆ ಸೋಲಾರ್ ಉಂಟು, ಮಳೆನೀರು ಹಿಡೀತಾರೆ. ಈ ವರ್ಷ ಐದನೇ ಸ್ಟಾರ್ ಬಂತು."

"ನಮ್ಮವಳಿಗೂ ಅದೇ ಹುಚ್ಚು ಕಣಪ್ಪ. ಭೂಮಿ ಉಳಿಸ್ತಾಳಂತೆ, ತಿಂದ ತಟ್ಟೆ ಎತ್ತಲ್ಲ," ರತ್ನ ನಕ್ಕರು. "ಅಲ್ಲೇ ರೈಲ್ವೆ ಸ್ಟೇಷನ್ ಹತ್ರ ತಮಿಳಿನವರ ಹಳೇ ಮನೇಲಿ ಒಂದು ರೂಮಿದೆ. ಫ್ಯಾನು, ಕಿಟಕಿ, ಅಷ್ಟೇ. ಅಲ್ಲಿ ಸೋಲಾರ್ ಇಲ್ಲ, ಬೇಡ ಅಂತಾಳೆ."

ಐದನೇ ಸ್ಟಾರಿನ ಅರ್ಜಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಇದ್ದದ್ದು ವಾರಿಜಾಕ್ಷಿಯ ಸಹಿ. ಹಸಿರು ಸಮಿತಿಯ ಕಾರ್ಯದರ್ಶಿ ಅವಳು. ಹೊರಗಿನ ಗಾಳಿ ಎಳೆಯುವ ಫ್ಯಾನುಗಳನ್ನು ದಿನಕ್ಕೆ ಎರಡೇ ಗಂಟೆ ಓಡಿಸಿದರೆ ಸಾಕು, ಉಳಿದ ಹೊತ್ತು ಒಳಗಿನ ತಂಪನ್ನೇ ಸುತ್ತಿಸಬಹುದು ಎಂದು ಬರೆದುಕೊಟ್ಟವಳೂ ಅವಳೇ. ಆಫೀಸಿನವರಿಗೆ ಕರೆಂಟಿನ ಬಿಲ್ಲು ಇಳಿಯಬೇಕಿತ್ತು, ಅವಳಿಗೆ ಇಂಗಾಲ ಇಳಿಯಬೇಕಿತ್ತು. ಎರಡೂ ಇಳಿದವು.

ಲಾಕ್‌ಡೌನಿನಲ್ಲಿ ಕರ್ನಾಟಕದ ಒಂಬತ್ತು ಮಂದಿ ಈ ಮಹಡಿಯ ಒಂಬತ್ತು ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಈ ಕೋಣೆಯಲ್ಲಿದ್ದ ಚಾಮುಂಡಿ ಇಂಗಿನ ಒಗ್ಗರಣೆ ಕೊಟ್ಟಳೆಂದರೆ ಮಿಕ್ಕ ಎಂಟು ಕೋಣೆಗಳಿಂದ ಗ್ರೂಪಿಗೆ ಮೆಸೇಜು: "ಇವತ್ತು ತಿಳಿಸಾರಾ? ನಂಗೊಂದು ಲೋಟ ಇಡೇ." ಮುಚ್ಚಿದ ಬಾಗಿಲೊಳಗೆ ವಾಸನೆ ಹೇಗೆ ಬಂತೆಂದು ಎಂಜಿನಿಯರಿಂಗ್ ಓದುವ ಆ ಒಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಊರಿನ ವಾಸನೆ ಎಂದು ಮೂಗರಳಿಸಿ ಎಳೆದುಕೊಂಡರು.

ಜುಲೈನಲ್ಲಿ ಏಳು ಕೋಣೆಗಳಿಗೆ ಜ್ವರ ಬಂತು. ಆರು ಮಂದಿ ಎದ್ದರು. ಚಾಮುಂಡಿಯನ್ನು ಇಲ್ಲೇ ಸುಟ್ಟರು. ಹಾಸನದಲ್ಲಿ ಅವಳ ಅಪ್ಪ, ಅಮ್ಮ ಫೋನಿನಲ್ಲಿ ನೋಡಿದರು. ಆಗಸ್ಟಿನಲ್ಲಿ ಸ್ಟಾರು ಬಂತು. ಸತ್ತವರಿಗಾಗಿ ಅಂಕ ಕಳೆಯುವ ಕಾಲಮ್ಮು ಆ ಅರ್ಜಿಯಲ್ಲಿ ಇರಲಿಲ್ಲ. ವಾರಿಜಾಕ್ಷಿ ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡಳು, ಪರೀಕ್ಷೆ ಬರೆದಳು, ಇದೇ ಮಹಡಿಯ ಬೇರೆ ಮೂರು ಕೋಣೆಗಳನ್ನು ಮೂವರು ತಾಯಂದಿರಿಗೆ ತೋರಿಸಿ "ಚೆನ್ನಾಗಿದೆ ಆಂಟಿ" ಎಂದಳು. ಮೂರಕ್ಕೂ ಹುಡುಗಿಯರು ಬರುವವರಿದ್ದರು.

"ಅಲ್ಲಮ್ಮಾ, ಇವಳಿಗೆ ಒಗ್ಗರಣೆ ಇಲ್ದೆ ಊಟ ಸೇರಲ್ಲ. ಹೊಗೆ ಹೋಗಕ್ಕೆ ಕಿಟಕಿ ಇದ್ಯಾ? ತೆಗೆದು ತೋರ್ಸು."

ವಾರಿಜಾಕ್ಷಿ ಕಿಟಕಿಯ ಬಳಿ ಹೋದಳು. ಆಳೆತ್ತರದ ಗಾಜು. ಆಚೆ ತಾಳೆಎಣ್ಣೆ ಮರಗಳ ಸಾಲು, ಬಿಸಿಲು. ಚೌಕಟ್ಟಿನ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಹಿಡಿಯಿರಲಿಲ್ಲ.

"ತೆಗೆಯಕ್ಕೆ ಬರಲ್ಲ ಆಂಟಿ."

"ಮತ್ತೆ ಹೊಗೆ?"

"ಏಸಿಯೇ ಎಳ್ಕೊಳ್ತದೆ ಆಂಟಿ," ಎಂದ ತ್ರಿವಿಕ್ರಮ.

"ಎಳ್ಕೊಂಡು ಎಲ್ಲಿಗಪ್ಪ ಬಿಡುತ್ತೆ?"

ತ್ರಿವಿಕ್ರಮ ವಾರಿಜಾಕ್ಷಿಯ ಮುಖ ನೋಡಿದ.

"ಪಕ್ಕದ ರೂಮಿಗೆ," ಎಂದಳು ಅವಳು. "ಅಲ್ಲಿಂದ ಅದರ ಪಕ್ಕದ್ದಕ್ಕೆ. ಹೊರಗೆ ಹೋಗೋದು ದಿನಕ್ಕೆ ಎರಡು ಗಂಟೆ ಮಾತ್ರ."

"ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ," ತ್ರಿವಿಕ್ರಮ ದನಿ ತಗ್ಗಿಸಿ ಕೈ ಚಾಚಿದ. "ಫೋನ್ ಕೊಡು ಇಲ್ಲಿ. ಆಫೀಸಿಗೆ ಗೊತ್ತಾದ್ರೆ ನಿನ್ನ ರೂಮೂ ಹೋಗ್ತದೆ."

ಅವಳು ಕೊಡಲಿಲ್ಲ. ಸಿಂಕು ತೋರಿಸುವಾಗ ಇದ್ದ ದನಿಯೇ ಈಗಲೂ ಇತ್ತು. "ಈ ರೂಮಲ್ಲಿ ಚಾಮುಂಡಿ ಅಂತ ಇದ್ಲು ಆಂಟಿ. ಕೋವಿಡ್ ಬಂದು ಜುಲೈನಲ್ಲಿ ತೀರ್ಕೊಂಡ್ಲು. ಮಹಡಿಗೆಲ್ಲ ಒಂದೇ ಗಾಳಿ ಸುತ್ತುತ್ತಿತ್ತು. ಎರಡು ಗಂಟೆ ಸಾಕು ಅಂತ ಬರ್ಕೊಟ್ಟಿದ್ದು ನಾನು. ಅಕ್ಷಯಾನ ಸ್ಟೇಷನ್ ಹತ್ರದ ಮನೇಲೇ ಇರಿಸಿ. ಬೇರೆ ಮೂರು ಮನೆಯವರಿಗೂ ನಾನೇ ಫೋನ್ ಮಾಡ್ತೀನಿ."

ತ್ರಿವಿಕ್ರಮ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಆಚೆ ಹೋದ.

ಫೋನಿನಲ್ಲಿ ರತ್ನರ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡಳು ವಾರಿಜಾಕ್ಷಿ. ಆದರೆ ಅವರ ಹಿಂದಿನ ಗೋಡೆಯ ಕ್ಯಾಲೆಂಡರು ಪಟಪಟ ಹಾರುತ್ತಿತ್ತು. ಮೈಸೂರಿನಲ್ಲಿ ಕುಕ್ಕರ್ ಸೀಟಿ ಹಾಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. "ಅಮ್ಮಾ, ಕುಕ್ಕರ್," ಎಂದು ಒಳಗಿನಿಂದ ಹುಡುಗಿಯ ದನಿ ಕೇಳಿತು. ರತ್ನ ಏಳಲಿಲ್ಲ. ಮೂರನೆಯದು, ನಾಲ್ಕನೆಯದು. ವಾರಿಜಾಕ್ಷಿ ಫೋನನ್ನು ಹಾಗೇ ಹಿಡಿದು ನಿಂತಿದ್ದಳು.