ಪಟ್ ಅಂತನೋ, ಪರಕ್ ಅಂತನೋ

ಶಿರಾದ ಕಬಡ್ಡಿ ಪಂದ್ಯ ಮುಗಿಸಿ ವಳ್ಳೂರಿಗೆ ಬಂದಿಳಿದಾಗ ರಾಧಾಮಣಿ ಕುಂಟುತ್ತಿರಲಿಲ್ಲ. ಕುಂಟಬಾರದೆಂದು ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಳು. ಅಂಗಳದಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ತಾಯಿ ಕೊಲ್ಲಾಪುರಮ್ಮ ತಲೆಯೆತ್ತಿ, "ಗೆದ್ರೇನಮ್ಮ?" ಎಂದಳು. "ಸೆಮಿಫೈನಲ್ನಾಗೆ ಸೋತ್ವಿ" ಎಂದಷ್ಟೇ ಹೇಳಿ ಮಗಳು ಒಳಗೆ ಹೋದಳು.

ರೇಡ್ ಮಾಡಿ ಗೆರೆ ಮುಟ್ಟುವಷ್ಟರಲ್ಲಿ ಎದುರು ತಂಡದ ದಪ್ಪ ಹುಡುಗಿಯೊಬ್ಬಳು ಅವಳ ಬಲಗಾಲಿನ ಮೇಲೆ ಬಿದ್ದಿದ್ದಳು. ಮರುದಿನ ಬೆಳಿಗ್ಗೆ ಮೊಣಕಾಲು ಊದಿತ್ತು. ರಾಧಾಮಣಿ ಉದ್ದ ಲಂಗ ಉಟ್ಟು ಅದನ್ನು ಮರೆಮಾಡಿದಳು.

ಅವಳ ಭಯಕ್ಕೆ ಕಾರಣವಿತ್ತು. ಹೋದ ವರ್ಷ ಅವರದೇ ತಂಡದ ಪುಷ್ಪಾವತಿಗೆ ಮೊಣಕಾಲಿನೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಆಮೇಲೆ ಮನೆಯವರು ಅವಳನ್ನು ಅಂಕಣದ ಹತ್ತಿರವೂ ಬಿಡಲಿಲ್ಲ. ರಾಧಾಮಣಿಯ ಕಾಲೇಜಿನಲ್ಲಿ ಈಗ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಶುರುವಾಗಲಿತ್ತು. ತಾಯಿಗೆ ಗೊತ್ತಾದರೆ ಆಟ ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಳು. ಮೊಬೈಲಿನಲ್ಲಿ ಮೊಣಕಾಲಿನ ವಿಡಿಯೋಗಳನ್ನು ನೋಡಿದಷ್ಟೂ ಎಲ್ಲವೂ ತನ್ನದೇ ಕಾಯಿಲೆಯಂತೆ ಕಂಡಿತು.

ಕೊನೆಗೆ ತಡೆಯಲಾರದೆ ಮಂಜುಶ್ರೀಗೆ ಧ್ವನಿ ಸಂದೇಶ ಕಳಿಸಿದಳು. ಒಂದು ಕಾಲದಲ್ಲಿ ಇದೇ ಕಾಲೇಜಿನ ತಂಡದ ನಾಯಕಿಯಾಗಿದ್ದ ಮಂಜುಶ್ರೀ ಈಗ ಮಧುಗಿರಿಯಲ್ಲಿ ಫಿಸಿಯೋಥೆರಪಿಸ್ಟ್. "ಅಕ್ಕಾ, ನಂದು ಎಸಿಎಲ್ ಹೋಗೈತೆ. ಆಪರೇಷನ್ ಆದ್ಮ್ಯಾಲೆ ಆಡಬೌದಾ?"

ಕೂಡಲೇ ವಿಡಿಯೋ ಕರೆ ಬಂತು.

"ಯಾವ ಡಾಕ್ಟ್ರು ನೋಡಿದ್ರು?"

"ಯಾರೂ ನೋಡಿಲ್ಲಕ್ಕ. ಪುಷ್ಪಕ್ಕಂಗೂ ಇಂಗೇ ಆಗಿತ್ತಲ್ಲ..."

"ಪುಷ್ಪನ ಕಾಲಿನ ಕಥೆ ನಂಗೊತ್ತು. ನಿನ್ನ ಕಾಲಿನ ಕಥೆ ಹೇಳು. ಕಾಯಿಲೆ ಹೆಸರು ಬೇಡ. ಏನಾಯ್ತು, ಎಲ್ಲಿ ನೋವು, ಅಷ್ಟು ಸಾಕು."

ಅಷ್ಟರಲ್ಲಿ, ಮಗಳು ಸಂದೇಶದಲ್ಲಿ ಹೇಳಿದ್ದು ಕಿವಿಗೆ ಬಿದ್ದು, ಕೊಲ್ಲಾಪುರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. "ಯಾರ್ಗಮ್ಮ ಆಪರೇಷನ್ನು?"

ರಾಧಾಮಣಿ ಲಂಗವನ್ನು ಕಾಲ ಮೇಲೆ ಎಳೆದುಕೊಂಡಳು. "ಅಮ್ಮನೂ ಕೂತ್ಕೊಳ್ಳಲಿ" ಎಂದಳು ಮಂಜುಶ್ರೀ ಫೋನಿನಿಂದಲೇ. "ಫೋನ್ ಅವರ ಕೈಗೆ ಕೊಡು. ನೀನು ಮೊಣಕಾಲು ತೋರಿಸು."

ತಾಯಿ ಫೋನು ಹಿಡಿದುಕೊಂಡು ಮಗಳ ಎದುರು ಕೂತಳು. ಮಗಳು ಲಂಗ ಮೇಲೆತ್ತಿದಳು.

"ಎಲ್ಲಿ ನೋವು?"

"ಮಂಡಿ ಪೂರ್ತಿ ಅಕ್ಕ."

"ಪೂರ್ತಿ ಅಂದ್ರೆ ನಂಗೆ ಏನೂ ಗೊತ್ತಾಗಲ್ಲ. ಒಂದೇ ಬೆರಳಿಟ್ಟು ತೋರಿಸು."

ರಾಧಾಮಣಿ ಮೆಲ್ಲಗೆ ಒತ್ತುತ್ತಾ ಹೋದಳು. ಹೊರಬದಿಯಲ್ಲಿ ನೋವಿರಲಿಲ್ಲ. ಚಿಪ್ಪಿನ ಮೇಲೂ ಇರಲಿಲ್ಲ. ಒಳಬದಿಗೆ ಬೆರಳು ಬಂದಾಗ "ಹಾ!" ಎಂದಳು.

"ಪೆಟ್ಟು ಯಾವ ಕಡೆಯಿಂದ ಬಿತ್ತು?"

"ಹೊರಗಡೆಯಿಂದ. ಒಬ್ಳು ಕಾಲ ಮ್ಯಾಲೆ ಬಿದ್ಲು, ಮಂಡಿ ಒಳಕ್ಕೆ ಬಾಗ್ತು."

"ಊದಿದ್ದು ತಕ್ಷಣನಾ?"

"ಇಲ್ಲ, ಮಾರನೇ ದಿನ ನೋಡ್ದೆ."

"ಆಮೇಲೆ ಆಡಿದ್ಯಾ?"

ರಾಧಾಮಣಿ ತಾಯಿಯ ಮುಖ ನೋಡಿದಳು. "ಇನ್ನೊಂದ್ ರೇಡ್ ಹೋದೆ ಅಕ್ಕ."

"ಏಮೇ, ನಿಂಗೆ ಬುದ್ಧಿ ಐತಾ?" ಎಂದಳು ಕೊಲ್ಲಾಪುರಮ್ಮ.

"ಬೈಬೇಡಿ ಅಮ್ಮ, ಈಗ ನಿಜ ಹೇಳ್ತಿದ್ದಾಳೆ" ಎಂದಳು ಮಂಜುಶ್ರೀ. "ನಡೆಯುವಾಗ ಕಾಲು ಜಾರಿ ಕುಸಿದ ಹಾಗೆ ಆಗುತ್ತಾ? ಮಡಚಿದ್ದು ಬಿಡಿಸೋಕಾಗದೆ ಸಿಕ್ಕಿಕೊಳ್ಳುತ್ತಾ?"

"ಇಲ್ಲ, ಎರಡೂ ಇಲ್ಲ. ಆದ್ರೆ ಬಿದ್ದಾಗ ಸವುಂಡು ಬಂತಕ್ಕ. ಅದ್ಕೇ ಹೆದರ್ಕಂಡಿದ್ದು."

ಮಂಜುಶ್ರೀ ಫೋನಿನ ಹತ್ತಿರಕ್ಕೆ ಬಗ್ಗಿದಳು. "ಯಾವ ಥರ ಸೌಂಡು? ಪಟ್ ಅಂತನೋ, ಪರಕ್ ಅಂತನೋ? ಕಣ್ಣು ಮುಚ್ಚಿ ನೆನಪು ಮಾಡ್ಕೋ."

ರಾಧಾಮಣಿ ಕಣ್ಣು ಮುಚ್ಚಿದಳು. ಮಣ್ಣು, ಕೂಗಾಟ, ಹಿಂದಿನಿಂದ ಎಳೆದ ಕೈ. "ಪರಕ್ ಅಂತ... ಬೆನ್ನ ಹತ್ರ." ಥಟ್ಟನೆ ಕಣ್ಣು ತೆರೆದಳು. "ಅಕ್ಕಾ, ಅದು ಜೆರ್ಸಿ ಹರಿದಿದ್ದು!"

ಮಂಜುಶ್ರೀ ನಕ್ಕಳು. "ಎಸಿಎಲ್ ಹರಿದ್ರೆ ಮಂಡಿಯೊಳಗೇ ಪಟ್ ಅನ್ನುತ್ತೆ ಕಣೇ." ಕೊಲ್ಲಾಪುರಮ್ಮ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಒಳಬದಿಯ ಲಿಗಮೆಂಟ್ ಸ್ವಲ್ಪ ಉಳುಕಿದೆ ಅನ್ಸುತ್ತೆ. ಆದ್ರೆ ಅನ್ಸೋದು ಬೇರೆ, ಮುಟ್ಟಿ ನೋಡೋದು ಬೇರೆ. ನಾಳೆ ಮಧುಗಿರಿಗೆ ಬಾ, ಮೂಳೆ ಡಾಕ್ಟ್ರಿಗೆ ತೋರಿಸೋಣ. ಅಲ್ಲೀತನಕ ಓಡಬೇಡ, ಎಣ್ಣೆ ಹಚ್ಚಿ ತಿಕ್ಕಿಸ್ಕೋಬೇಡ."

ಫೋನು ಇಟ್ಟ ಮೇಲೆ ತಾಯಿ ಮಗಳ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಆಟ ಬುಡಿಸ್ಬುಡ್ತೀಯ ಅಂತ."

"ಬೀಳ್ದಂಗೆ ಯಾರಮ್ಮ ಆಡ್ತಾರೆ ಕಬಡ್ಡೀನ? ಬಿದ್ದಿದ್ದುಕ್ಕಲ್ಲ ನಂಗೆ ಸಿಟ್ಟು, ಒಬ್ಳೇ ನೋವು ತಿಂದಿದ್ದುಕ್ಕೆ."

ಮರುದಿನ ಇಬ್ಬರೂ ಪಾವಗಡಕ್ಕೆ ಹೋಗಿ ಮಧುಗಿರಿ ಬಸ್ಸು ಹತ್ತಿದರು. ಡಾಕ್ಟರು ಮೊಣಕಾಲನ್ನು ಹಿಡಿದು ಮುಂದಕ್ಕೆಳೆದರು, ಪಕ್ಕಕ್ಕೆ ಒತ್ತಿದರು, ಇನ್ನೊಂದು ಕಾಲಿನ ಜೊತೆ ಹೋಲಿಸಿದರು. ಪಕ್ಕದಲ್ಲಿ ನಿಂತ ಮಂಜುಶ್ರೀ, ರಾಧಾಮಣಿ ಹೇಳಿದ್ದನ್ನೆಲ್ಲ ಅವರಿಗೆ ವಿವರಿಸಿದಳು. ಎಸಿಎಲ್ ಗಟ್ಟಿಯಾಗಿದೆ, ಒಳಬದಿಯಲ್ಲಿ ಸಣ್ಣ ಉಳುಕು, ಆಪರೇಷನ್ ಬೇಡ ಎಂದರು ಡಾಕ್ಟರು. ಕೆಲವು ವಾರ ಪಟ್ಟಿ, ಮಂಜುಶ್ರೀ ಹೇಳಿಕೊಡುವ ವ್ಯಾಯಾಮ, ಆಮೇಲೆ ನೋಡಿಕೊಂಡು ಆಟ.

"ಈ ಸಲ ಆಯ್ಕೆಗೆ ಆಗುತ್ತೋ ಇಲ್ವೋ" ಎಂದಳು ರಾಧಾಮಣಿ.

"ಈ ಸಲ ಆಗದಿದ್ರೆ ಮುಂದಿನ ಸಲ" ಎಂದಳು ಮಂಜುಶ್ರೀ. "ಕಾಲು ಇದೆಯಲ್ಲ!"

ಹೊರಗೆ ಬಂದಾಗ ಕೊಲ್ಲಾಪುರಮ್ಮ ಕಟ್ಟೆಯ ಮೇಲೆ ಕುಸಿದು ಕೂತು ಗಳಗಳನೆ ಅತ್ತಳು. ಮಗಳು ಗಾಬರಿಯಾಗಿ ಪಕ್ಕದಲ್ಲಿ ಕೂತಳು.

"ಏನಿಲ್ಲ ಕಣಮ್ಮ" ಎಂದಳು ತಾಯಿ, ಕಣ್ಣೊರೆಸಿಕೊಳ್ಳುತ್ತಾ. "ನಿನ್ನೆಯಿಂದ ಒಂದ್ ತುತ್ತೂ ಗಂಟಲಲ್ಲಿ ಇಳಿದಿರ್ಲಿಲ್ಲ. ಈಗ ಹಸಿವಾಗ್ತೈತೆ. ನಡಿ, ದೋಸೆ ತಿನ್ನಾಣ."

ರಾಧಾಮಣಿ ತಾಯಿಯ ಹೆಗಲ ಮೇಲೆ ಕೈಯಿಟ್ಟು ಎದ್ದಳು. ಹೋಟೆಲಿನವರೆಗೂ ಯಾರ ಭಯವೂ ಇಲ್ಲದೆ ಕುಂಟುತ್ತಾ ನಡೆದಳು.